ರೇಷ್ಮೆ ಹುಳು ಕಲಿಸುವ ಸಬ್ರ್

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ರೇಷ್ಮೆ ಸಾಕುವ ಮನೆಗಳಲ್ಲಿ ತಾಳ್ಮೆಗೂ ಒಂದು ಲೆಕ್ಕವುಂಟು. ಮೊಟ್ಟೆಯೊಡೆದ ಹುಳು ಹಣ್ಣಾಗಿ ಚಂದ್ರಿಕೆ ಏರಲು ಸುಮಾರು 25 ದಿನ. ನಡುವೆ 4 'ಜ್ವರ', ಅಂದರೆ ಪೊರೆ ಬಿಡುವ ಹೊತ್ತು. ಆಗ ಹುಳು ತಲೆಯೆತ್ತಿ ಅಲುಗದೆ ನಿಲ್ಲುತ್ತದೆ. ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಎದ್ದ ಮೇಲೆಯೇ ಮೇವು. ಅವಸರಪಟ್ಟರೆ ಬೆಳೆ ಏರುಪೇರು, ಗಮನ ತಪ್ಪಿ ತಡವಾದರೆ ಹುಳು ಸೊರಗುತ್ತದೆ. ತಿಂಗಳ ದುಡಿಮೆಯೇ ಕೈಬಿಟ್ಟೀತು. ಹೀಗೆ ಕಾದವರಿಗೆ ಒಂದೊಂದು ಗೂಡಿನಲ್ಲೂ ನೂರಾರು ಮೀಟರ್ ಎಳೆ.

ನಾವೋ, ಮಗು ಶಾಲೆಯ ಸುದ್ದಿ ಹೇಳುವಾಗಲೂ ಮೊಬೈಲ್ ಒತ್ತುತ್ತಾ ಕೂರುತ್ತೇವೆ. ಅರ್ಧ ಕೇಳಿದ ಮಗು ನಾಳೆ ಹೇಳುವುದನ್ನೇ ಬಿಡುತ್ತದೆ. ಮಗ್ರಿಬ್‌ನಿಂದ ಇಶಾವರೆಗಾದರೂ ಫೋನನ್ನು ಕಪಾಟಿನಲ್ಲಿಡೋಣ. ಮಾತು ಮುಗಿಯುವ ತನಕ ಕೇಳೋಣ.