ನಿಮಗಿದು ಗೊತ್ತೇ? ಬೆಟ್ಟದ ತಪ್ಪಲಿನ ದುಡಿಮೆಗಾರರಿಗೆ ಕಲಿಯುವ ದಾರಿಗಳು

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಹಂಗಳದಲ್ಲಿ ಬಲಕ್ಕೆ ಹೊರಳಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಅಲ್ಲಿಗೆ ಹೋಗಿ ಬಂದವರು ಮಂಜು, ಆನೆ, ವೇಣುಗೋಪಾಲನ ದರ್ಶನದ ಮಾತಾಡುತ್ತಾರೆ. ಅದೇ ದಾರಿಯುದ್ದಕ್ಕೂ ದುಡಿಯುವವರೂ ಇದ್ದಾರೆ: ಬಸ್ ಚಾಲಕ, ನಿರ್ವಾಹಕ, ಕಾಡಿನ ಬೆಂಕಿ ಕಾಯುವವರು, ಚೆಂಡು ಹೂ ಬಿಡಿಸುವ ಹೆಂಗಸರು, ಕ್ವಾರಿಯಲ್ಲಿ ಕಲ್ಲು ಒಡೆಯುವವರು, ಗಾರೆ ಕೆಲಸದವರು, ಅಂಗನವಾಡಿಯವರು. ಸಂಘ ಎಂದರೆ ಕೂಲಿ ಕೇಳುವುದಕ್ಕೆ, ಧರಣಿ ಕೂರುವುದಕ್ಕೆ ಎಂದಷ್ಟೇ ತಿಳಿದವರು ಇವರಲ್ಲಿ ಬಹಳ. ಕಲಿಕೆಯೂ ಸಂಘದ ಕೆಲಸವೇ. ಇಲ್ಲಿ ಕೊಟ್ಟಿರುವ ಸಂಗತಿಗಳನ್ನು ಓದಿ, ಪಕ್ಕದವರಿಗೂ ಓದಿ ಹೇಳಿ.

ಬೆಟ್ಟದ ಸುತ್ತಮುತ್ತ

● ಸಮುದ್ರ ಮಟ್ಟದಿಂದ 1,454 ಮೀಟರ್ ಎತ್ತರದ ಈ ಬೆಟ್ಟ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಖಾಸಗಿ ವಾಹನಗಳು ಬುಡದಲ್ಲೇ ನಿಲ್ಲಬೇಕು. ಮೇಲಕ್ಕೆ ಕರೆದೊಯ್ಯುವುದು ಕೆಎಸ್‌ಆರ್‌ಟಿಸಿ ಬಸ್ಸು. ಎದುರಿನ ತಿರುವು ಮಂಜಿನಲ್ಲಿ ಮುಚ್ಚಿಹೋದಾಗ, ರಸ್ತೆಗೆ ಆನೆ ಇಳಿದಾಗ ಬಸ್ಸಿನಲ್ಲಿರುವ ಅಷ್ಟೂ ಜನರ ಜೀವ ಚಾಲಕನ ಕೈಯಲ್ಲಿ. ಇಂಥ ದಾರಿಯಲ್ಲಿ ಚಾಲನಾ ತರಬೇತಿ ಸುರಕ್ಷತೆಯ ಮೊದಲ ಅಗತ್ಯ.

● ಸಾರಿಗೆ ವಾಹನ ಓಡಿಸುವ ಲೈಸೆನ್ಸಿಗೆ ಮೊದಲು ಎಂಟನೇ ತರಗತಿ ಪಾಸಾಗಿರಬೇಕಿತ್ತು. ಕೇಂದ್ರ ಸರ್ಕಾರ 2019ರಲ್ಲಿ ಆ ಷರತ್ತನ್ನು ತೆಗೆದುಹಾಕಿತು. ಕೆಎಸ್‌ಆರ್‌ಟಿಸಿ ಚಾಲಕನಾಗಬೇಕಾದರೆ ಮಾತ್ರ ಎಸ್ಸೆಸ್ಸೆಲ್ಸಿ ಬೇಕೇ ಬೇಕು. ಲಾರಿ, ಜೀಪು ಓಡಿಸಿಕೊಂಡಿರುವ ಎಷ್ಟೋ ಯುವಕರಿಗೂ ಸರ್ಕಾರಿ ಸ್ಟೀರಿಂಗಿಗೂ ನಡುವೆ ನಿಂತಿರುವುದು ಈ ಒಂದು ಪರೀಕ್ಷೆ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ, ಇಂದಿನ ಎನ್‌ಐಒಎಸ್, ಶಾಲೆ ಬಿಟ್ಟವರಿಗೂ ಹತ್ತನೇ ತರಗತಿ ಪರೀಕ್ಷೆ ಬರೆಯುವ ಅವಕಾಶ ಕೊಡುತ್ತದೆ.

● 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿ ಗೋಪಾಲಸ್ವಾಮಿ ಬೆಟ್ಟದ ವಲಯವನ್ನೂ ಸುಟ್ಟಿತು. ಗಾಳಿಯ ದಿಕ್ಕು ನೋಡಿಕೊಂಡು, ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಬೆಂಕಿ ಆರಿಸುವುದು ಕಾಡಂಚಿನ ಕೂಲಿಗಳು ಬಲ್ಲ ವಿದ್ಯೆ. ಹೊಗೆಯಲ್ಲಿ ಉಸಿರು ಕಾಪಾಡಿಕೊಳ್ಳುವುದು, ಸುಟ್ಟ ಗಾಯಕ್ಕೆ ಮೊದಲ ಚಿಕಿತ್ಸೆ ಮಾಡುವುದು, ಬೆಂಕಿ ಸುತ್ತುವರಿಯುವ ಮುನ್ನ ಹಿಂದಕ್ಕೆ ಸರಿಯುವುದು ಇವನ್ನೂ ಬೇಸಿಗೆಗೆ ಮೊದಲೇ ಕಲಿಸಬೇಕು. ತಾತ್ಕಾಲಿಕ ಕೆಲಸದವರ ಜೀವವೇನೂ ತಾತ್ಕಾಲಿಕವಲ್ಲ.

● 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಕ್ವಾರಿಯ ಗುಡ್ಡ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಗಣಿ ಕೆಲಸಕ್ಕೆ ಹೊಸದಾಗಿ ಬರುವವರಿಗೆ ತರಬೇತಿ ಕೊಟ್ಟೇ ಕೆಲಸಕ್ಕೆ ಇಳಿಸಬೇಕು ಎಂದು ಗಣಿ ವೃತ್ತಿ ತರಬೇತಿ ನಿಯಮಗಳು 1966ರಲ್ಲೇ ಹೇಳಿದ್ದವು. ಕಲ್ಲಿನ ಕ್ವಾರಿಯೂ ಕಾನೂನಿನ ಕಣ್ಣಿನಲ್ಲಿ ಗಣಿಯೇ. ‘ತರಬೇತಿ ಕೊಟ್ಟ ದಾಖಲೆ ಎಲ್ಲಿ?’ ಎಂದು ಸಂಘ ಕೇಳಿದರೆ ಅದು ಜೀವ ಉಳಿಸುವ ಪ್ರಶ್ನೆ.

● ಮಳೆಗಾಲದಲ್ಲಿ ತಪ್ಪಲಿನ ಹೊಲಗಳು ಚೆಂಡು ಹೂವಿನಿಂದ ಹಳದಿಯಾಗುತ್ತವೆ. ಬಗ್ಗಿ ಹೂ ಬಿಡಿಸುವ ಕೂಲಿಗೆ ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ. ಕಾಯಂ ಮಾಲೀಕನಿಲ್ಲದಿದ್ದರೂ ಇವರು ಸಂಘ ಕಟ್ಟಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 141ನೇ ಒಪ್ಪಂದ ಗ್ರಾಮೀಣ ಕಾರ್ಮಿಕರ ಸಂಘಟನೆಗಳನ್ನು ಕುರಿತದ್ದು. ಕೂಲಿಗಳ ಜೊತೆಗೆ ಗೇಣಿದಾರರು, ಸಣ್ಣ ಹಿಡುವಳಿದಾರರನ್ನೂ ಅದು ಒಳಗೊಂಡಿದೆ. ಅವರ ಶಿಕ್ಷಣ, ತರಬೇತಿಗೆ ಸರ್ಕಾರಗಳು ಒತ್ತು ಕೊಡಬೇಕೆನ್ನುವ ಈ ಒಪ್ಪಂದವನ್ನು ಭಾರತ 1977ರಲ್ಲಿ ಅನುಮೋದಿಸಿದೆ.

● ಅಂಗನವಾಡಿ ಸಹಾಯಕಿಯರಿಗೆ ಬಡ್ತಿಯ ಬಾಗಿಲು ಇದೆ. ಕೇಂದ್ರದ 2022ರ ಮಾರ್ಗಸೂಚಿಯಂತೆ ಕಾರ್ಯಕರ್ತೆಯರ ಹುದ್ದೆಗಳಲ್ಲಿ ಅರ್ಧದಷ್ಟನ್ನು ಐದು ವರ್ಷ ಸೇವೆ ಸಲ್ಲಿಸಿದ, ವಿದ್ಯಾರ್ಹತೆ ಇರುವ ಸಹಾಯಕಿಯರಿಂದ ತುಂಬಬೇಕು. ಕಾರ್ಯಕರ್ತೆಯಾಗಲು ಪಿಯುಸಿ ಬೇಕು. ಸಂಘವೊಂದು ಹತ್ತು ಸಹಾಯಕಿಯರಿಗೆ ಪಿಯುಸಿ ಪರೀಕ್ಷೆ ಕಟ್ಟಿಸಿದರೆ ಹತ್ತು ಮನೆಗಳ ಆದಾಯ ಹೆಚ್ಚುವ ದಾರಿ ತೆರೆದಂತೆ.

ಲೇಬರ್ ಕಾರ್ಡಿನ ಹಿಂದೆ

● ಕಟ್ಟಡ ಕಟ್ಟಿಸುವವರು ವೆಚ್ಚದ ಶೇ 1ರಷ್ಟು ಸೆಸ್ ಕಟ್ಟುತ್ತಾರೆ. 1996ರ ಕೇಂದ್ರ ಕಾಯ್ದೆಗಳಿಂದ ಬಂದ ಈ ಹಣವನ್ನು ನಮ್ಮಲ್ಲಿ ನೋಡಿಕೊಳ್ಳುತ್ತಿರುವುದು 2007ರಲ್ಲಿ ರಚನೆಯಾದ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಾಯಿಸಿಕೊಂಡು ಲೇಬರ್ ಕಾರ್ಡ್ ಪಡೆಯಬಹುದು. ಗಾರೆಯವರಷ್ಟೇ ಅಲ್ಲ, ಸೆಂಟ್ರಿಂಗ್, ಬಾರ್ ಬೆಂಡಿಂಗ್, ಬಣ್ಣ, ಪ್ಲಂಬಿಂಗ್, ವೈರಿಂಗ್ ಕೆಲಸದವರೂ ಇದರಲ್ಲಿ ಬರುತ್ತಾರೆ.

● ಇದೇ ಮಂಡಳಿಯ ‘ಕಲಿಕೆ ಭಾಗ್ಯ’ ನೋಂದಾಯಿತ ಕಾರ್ಮಿಕರ ಇಬ್ಬರು ಮಕ್ಕಳ ಓದಿಗೆ ನೆರವಾಗುತ್ತದೆ. ‘ಶ್ರಮ ಸಾಮರ್ಥ್ಯ’ ಕಾರ್ಮಿಕರಿಗೇ ತರಬೇತಿ ಕೊಟ್ಟು ಕೆಲಸದ ಸಲಕರಣೆಗಳ ಕಿಟ್ ನೀಡುತ್ತದೆ. ಮಕ್ಕಳ ಸಹಾಯಧನ ಎಲ್ಲರಿಗೂ ಗೊತ್ತು. ತಮಗೇ ಮೀಸಲಾದ ತರಬೇತಿಯನ್ನು ಕೇಳಿ ಪಡೆಯುವವರೂ ಅಷ್ಟೇ ಹೆಚ್ಚಬೇಕು.

● ಇಪ್ಪತ್ತು ವರ್ಷ ಕರಣೆ ಹಿಡಿದ ಮೇಸ್ತ್ರಿ ರಸಮಟ್ಟ ಇಟ್ಟು ಗೋಡೆ ನೋಡಿದರೆ ಒಂದು ಕೂದಲೆಳೆ ವಾಲಿದ್ದರೂ ಹೇಳಬಲ್ಲ. ಆದರೆ ಆ ವಿದ್ಯೆಗೆ ಕಾಗದವಿಲ್ಲ. ಹೀಗೆ ಕೆಲಸ ಮಾಡುತ್ತಲೇ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ. ಹೊಸ ಊರಿನಲ್ಲಿ, ಹೊಸ ಗುತ್ತಿಗೆದಾರನ ಮುಂದೆ ಆ ಕಾಗದ ಕೂಲಿ ಚೌಕಾಸಿಗೆ ಬಲ ಕೊಡುತ್ತದೆ.

● ಕಾರ್ಖಾನೆ ಕಾರ್ಮಿಕರ ಸಂಬಳದಿಂದ ವರ್ಷಕ್ಕೊಮ್ಮೆ ಒಂದು ಸಣ್ಣ ಮೊತ್ತ ಕಡಿತವಾಗುವುದನ್ನು ಗಮನಿಸಿದ್ದೀರಾ? ಅದು 1965ರ ಕಾಯ್ದೆಯಡಿ ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿಗೆ ಹೋಗುವ ವಂತಿಗೆ. ಮಾಲೀಕರೂ ಸರ್ಕಾರವೂ ತಮ್ಮ ಪಾಲು ಸೇರಿಸುತ್ತಾರೆ. ಆ ನಿಧಿಯಿಂದ ಕಾರ್ಮಿಕರ ಮಕ್ಕಳಿಗೆ ಪ್ರೌಢಶಾಲೆಯಿಂದ ಹಿಡಿದು ಎಂಜಿನಿಯರಿಂಗ್, ವೈದ್ಯಕೀಯದವರೆಗೆ ಶೈಕ್ಷಣಿಕ ಧನಸಹಾಯ ಸಿಗುತ್ತದೆ.

● ಇಎಸ್‌ಐ ವಿಮೆ ಇರುವ ಕಾರ್ಮಿಕರ ಮಕ್ಕಳಿಗೆ ಇಎಸ್‌ಐಸಿ ವೈದ್ಯಕೀಯ ಕಾಲೇಜುಗಳಲ್ಲಿ ಪ್ರತ್ಯೇಕ ಕೋಟಾ ಇದೆ. ನೀಟ್ ಪರೀಕ್ಷೆ ಬರೆಯಲೇಬೇಕು, ಸ್ಪರ್ಧೆ ಮಾತ್ರ ವಿಮಾದಾರರ ಮಕ್ಕಳ ನಡುವೆ. ಬೆಂಗಳೂರಿನ ರಾಜಾಜಿನಗರದಲ್ಲೂ ಕಲಬುರಗಿಯಲ್ಲೂ ಇಂಥ ಕಾಲೇಜುಗಳಿವೆ.

ಸಂಘದವರಿಗೆಂದೇ ಇರುವ ಶಾಲೆಗಳು

● ಕಾರ್ಮಿಕರಿಗೆ ಕಲಿಸುವುದಕ್ಕೆಂದೇ ದೇಶದಲ್ಲಿ ಒಂದು ಮಂಡಳಿ ಇದೆ. 1958ರಲ್ಲಿ ಕೇಂದ್ರೀಯ ಕಾರ್ಮಿಕ ಶಿಕ್ಷಣ ಮಂಡಳಿ ಎಂಬ ಹೆಸರಿನಲ್ಲಿ ಹುಟ್ಟಿ, ಇಂದು ದತ್ತೋಪಂತ ಠೇಂಗಡಿ ರಾಷ್ಟ್ರೀಯ ಕಾರ್ಮಿಕ ಶಿಕ್ಷಣ ಮತ್ತು ಅಭಿವೃದ್ಧಿ ಮಂಡಳಿ ಎಂದು ಕರೆಸಿಕೊಳ್ಳುತ್ತಿರುವ ಇದರ ಕೇಂದ್ರ ಕಚೇರಿ ನಾಗಪುರದಲ್ಲಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಪ್ರಾದೇಶಿಕ ನಿರ್ದೇಶನಾಲಯಗಳಿವೆ.

● ಈ ಮಂಡಳಿ ಕಲಿಸುವ ಬಗೆಯೇ ಸೊಗಸು. ಮೊದಲು ಶಿಕ್ಷಣಾಧಿಕಾರಿಗಳು ಕಲಿಯುತ್ತಾರೆ. ಅವರು ಸಂಘಗಳಿಂದ ಬಂದ ಆಯ್ದ ಕಾರ್ಮಿಕರಿಗೆ ಕಲಿಸುತ್ತಾರೆ. ಆ ಕಾರ್ಮಿಕರು ತಮ್ಮ ತಮ್ಮ ಕೆಲಸದ ಜಾಗಕ್ಕೆ ಮರಳಿ ಜೊತೆಗಾರರಿಗೆ ಪಾಠ ಹೇಳುತ್ತಾರೆ. ನಿನ್ನೆಯವರೆಗೆ ಪಕ್ಕದಲ್ಲಿ ನಿಂತು ದುಡಿದವನೇ ಮೇಷ್ಟ್ರಾದಾಗ ಪ್ರಶ್ನೆ ಕೇಳಲು ಯಾರಿಗೂ ಸಂಕೋಚವಿರುವುದಿಲ್ಲ.

● 1977–78ರಿಂದ ಈ ಮಂಡಳಿ ಹಳ್ಳಿಯ, ಅಸಂಘಟಿತ ವಲಯದ ಕಾರ್ಮಿಕರ ಕಡೆಗೂ ತಿರುಗಿತು. ಶಿಬಿರಕ್ಕೆ ಬಂದರೆ ಆ ದಿನದ ಕೂಲಿ ಹೋಗುತ್ತದಲ್ಲ ಎನ್ನುವವರಿಗಾಗಿ ಕೂಲಿ ನಷ್ಟಕ್ಕೆ ಪರಿಹಾರ ಕೊಡುವ ಪದ್ಧತಿಯನ್ನೂ ತಂದಿತು. ಒಂದು ದಿನದ ಗಂಜಿ ಬಿಟ್ಟು ಯಾರೂ ಪಾಠಕ್ಕೆ ಬರಲಾರರು ಎಂಬ ಸತ್ಯವನ್ನು ಒಪ್ಪಿಕೊಂಡ ಯೋಜನೆಯೇ ಬಡವರನ್ನು ಮುಟ್ಟುತ್ತದೆ.

● ದೆಹಲಿ ಪಕ್ಕದ ನೋಯ್ಡಾದಲ್ಲಿರುವ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ ವಿ.ವಿ. ಗಿರಿಯವರ ಹೆಸರಿದೆ. ರಾಷ್ಟ್ರಪತಿಯಾಗುವ ಮೊದಲು ಅವರು ರೈಲ್ವೆ ಕಾರ್ಮಿಕರ ನಾಯಕರು. 1965ರಿಂದ 1967ರವರೆಗೆ ನಮ್ಮದೇ ಮೈಸೂರು ರಾಜ್ಯದ ರಾಜ್ಯಪಾಲರು. ಸಂಘಗಳ ಮುಂದಾಳುಗಳಿಗೆ ಆ ಸಂಸ್ಥೆ ತರಬೇತಿ ಕೊಡುತ್ತದೆ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಕಾರ್ಮಿಕ ಅಧ್ಯಯನ ಸಂಸ್ಥೆಯೂ ಇದೆ.

● ಮೈಸೂರು–ಗುಂಡ್ಲುಪೇಟೆ ದಾರಿಯಲ್ಲೇ ಸಿಗುವ ನಂಜನಗೂಡಿಗೆ ಈ ಕಲಿಕೆಯ ಕಥೆಯಲ್ಲಿ ದೊಡ್ಡ ಜಾಗವಿದೆ. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ 1940ರ ದಶಕದಲ್ಲಿ ಅಲ್ಲಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠ ತೆರೆಯಿತು. 1844ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ರೈತಮಕ್ಕಳ ಜನತಾ ಶಾಲೆಗಳೇ ಅದಕ್ಕೆ ಮಾದರಿ.

● ಕಾರ್ಮಿಕರಿಗೆಂದೇ ಮೊದಲ ಶ್ರಮಿಕ ವಿದ್ಯಾಪೀಠ 1967ರಲ್ಲಿ ಮುಂಬೈನಲ್ಲಿ ತೆರೆಯಿತು. 2000ದಲ್ಲಿ ಇಂಥ ವಿದ್ಯಾಪೀಠಗಳ ಹೆಸರು ಜನ ಶಿಕ್ಷಣ ಸಂಸ್ಥೆ ಎಂದಾಯಿತು. ಅಕ್ಷರ ಬಾರದವರಿಗೂ ಅರ್ಧಕ್ಕೆ ಶಾಲೆ ಬಿಟ್ಟವರಿಗೂ ಅಲ್ಲಿ ಕಸುಬು ಕಲಿಸುತ್ತಾರೆ.

ಕಾನೂನಿನ ಪುಟಗಳಲ್ಲಿ

● 1926ರ ಕಾರ್ಮಿಕ ಸಂಘಗಳ ಕಾಯ್ದೆ ಸಂಘದ ಹಣವನ್ನು ಯಾವುದಕ್ಕೆ ಖರ್ಚು ಮಾಡಬಹುದು ಎಂದು 15ನೇ ಕಲಮಿನಲ್ಲಿ ಪಟ್ಟಿ ಕೊಟ್ಟಿತ್ತು. ಸದಸ್ಯರ ಮತ್ತು ಅವರ ಅವಲಂಬಿತರ ಶಿಕ್ಷಣ ಆ ಪಟ್ಟಿಯಲ್ಲಿತ್ತು. ಕಾರ್ಮಿಕರ ಪತ್ರಿಕೆ ನಡೆಸುವ ಖರ್ಚೂ ಇತ್ತು. ನೂರು ವರ್ಷದ ಹಿಂದೆಯೇ ಕಾನೂನು ಚಂದಾ ಹಣಕ್ಕೆ ಓದಿನ ದಾರಿ ತೋರಿಸಿತ್ತು.

● 2025ರ ನವೆಂಬರ್ 21ರಿಂದ 29 ಹಳೆಯ ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಜಾರಿಗೆ ಬಂದಿವೆ. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುಕೌಶಲ ನಿಧಿ ಎಂಬುದೊಂದಿದೆ: ರಿಟ್ರೆಂಚ್‌ಮೆಂಟಿನಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕನ 15 ದಿನದ ಸಂಬಳದಷ್ಟು ಹಣವನ್ನು ಮಾಲೀಕ ಅದಕ್ಕೆ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಹಳೆಯ ಕಾಯ್ದೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ಮುಖಂಡರೂ ಈಗ ಹೊಸದಾಗಿ ಪುಸ್ತಕ ಹಿಡಿಯಬೇಕಾದ ಕಾಲ.

ಗಡಿಯಾಚೆ, ಕಡಲಾಚೆ

● ಬೆಟ್ಟದ ಆಚೆ ವಯನಾಡು. ಕೇರಳದ ಸಾಕ್ಷರತಾ ಮಿಷನ್ 2017ರಲ್ಲಿ ‘ಚಙ್ಙಾತಿ’ ಯೋಜನೆ ಆರಂಭಿಸಿ, ಹೊರರಾಜ್ಯಗಳಿಂದ ದುಡಿಯಲು ಬಂದವರಿಗೆ ನಾಲ್ಕು ತಿಂಗಳಲ್ಲಿ ಮಲಯಾಳಂ ಓದು ಬರಹ ಕಲಿಸತೊಡಗಿತು. ಶುಂಠಿ ಕೆಲಸಕ್ಕೆ ಗಡಿ ದಾಟುವ ನಮ್ಮವರಿಗೂ, ನಮ್ಮಲ್ಲಿಗೆ ಬರುವ ಹೊರಗಿನವರಿಗೂ ಇಂಥ ತರಗತಿ ಬೇಕು. ಬೋರ್ಡು ಓದಬಲ್ಲವನಿಗೆ ಮೋಸ ಮಾಡುವುದು ಕಷ್ಟ.

● ಇಳಾ ಭಟ್ 1972ರಲ್ಲಿ ಅಹಮದಾಬಾದಿನಲ್ಲಿ ಸ್ವಂತ ದುಡಿಮೆಯ ಹೆಂಗಸರ ‘ಸೇವಾ’ ಸಂಘವನ್ನು ನೋಂದಾಯಿಸಲು ಹೋದಾಗ, ಮಾಲೀಕನೇ ಇಲ್ಲದವರಿಗೆ ಸಂಘ ಹೇಗೆ ಎಂದು ಅಧಿಕಾರಿಗಳು ತಕರಾರು ತೆಗೆದರು. ಕೊನೆಗೆ ನೋಂದಣಿ ಆಯಿತು. ಚಿಂದಿ ಆಯುವವರು, ತರಕಾರಿ ಮಾರುವವರು ಸದಸ್ಯರಾಗಿರುವ ಈ ಸಂಘ ಮುಂದೆ ತನ್ನದೇ ಅಕಾಡೆಮಿ ಕಟ್ಟಿಕೊಂಡಿತು.

● ಇಂಗ್ಲೆಂಡಿನಲ್ಲಿ ಕಾರ್ಮಿಕ ಶಿಕ್ಷಣ ಸಂಘ 1903ರಲ್ಲೇ ಹುಟ್ಟಿತು. 2003ರಿಂದ ಅಲ್ಲಿನ ಸಂಘಗಳ ಕಲಿಕಾ ಪ್ರತಿನಿಧಿಗಳಿಗೆ ಕೆಲಸದ ಅವಧಿಯಲ್ಲೇ ಸಂಬಳ ಸಹಿತ ಬಿಡುವು ಕೊಡುವುದು ಕಾನೂನಾಯಿತು. ಜೊತೆಗಾರರಲ್ಲಿ ಯಾರಿಗೆ ಏನು ಕಲಿಯಬೇಕಿದೆ ಎಂದು ವಿಚಾರಿಸಿ ದಾರಿ ತೋರಿಸುವುದೇ ಅವರ ಹೊಣೆ.

● ಓದಲಿಕ್ಕೆ ಸಂಬಳ ಸಹಿತ ರಜೆ ಕೊಡಬೇಕೆನ್ನುವ ಅಂತರರಾಷ್ಟ್ರೀಯ ಒಪ್ಪಂದವೂ ಇದೆ. 1974ರ ಈ 140ನೇ ಒಪ್ಪಂದ ಕಾರ್ಮಿಕ ಸಂಘಗಳ ಶಿಕ್ಷಣವನ್ನೂ ಹೆಸರಿಸಿ ಸೇರಿಸಿಕೊಂಡಿದೆ. ಭಾರತ ಇದನ್ನು ಅನುಮೋದಿಸಿಲ್ಲ. ನಮ್ಮ ಸಂಘಗಳ ಬೇಡಿಕೆ ಪಟ್ಟಿಯಲ್ಲಿ ಇದಕ್ಕೆ ಜಾಗ ಸಿಗಬೇಕು.

ಇದಿಷ್ಟನ್ನು ಮಾಡಿ

● ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ‘ತರಬೇತಿ’ ಎಂಬ ಒಂದು ವಿಷಯ ಸೇರಿಸಲು ಕಾರ್ಯದರ್ಶಿಗೆ ಹೇಳಿ. ಸದಸ್ಯರಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಬೇಕಾದವರು ಯಾರು, ಪಿಯುಸಿ ಬೇಕಾದವರು ಯಾರು, ಕಸುಬಿಗೆ ಪ್ರಮಾಣಪತ್ರ ಬೇಕಾದವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಹಾಳೆ ಹಿಡಿದು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ, ಒಂದು ಶಿಬಿರ ಕೇಳಿ ಅರ್ಜಿ ಕೊಡಿ, ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳಿ. ಒಬ್ಬರೇ ಹೋದರೆ ನಾಳೆ ಬಾ ಎನ್ನಬಹುದು. ಸಂಘದ ಲೆಟರ್‌ಹೆಡ್ಡಿನಲ್ಲಿ ಇಪ್ಪತ್ತು ಹೆಸರು ಬರೆದು ಕೊಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ.