ಬಾಗಿಲಿಗೆ ಬಂದ ದಿನಸಿ ಕೆಟ್ಟಿದ್ದರೆ

ಮುಂಬಯಿಯ ಮಾಟುಂಗದಂತಹ ಪೇಟೆಗಳಲ್ಲಿ ಬಹುಕಾಲ ನೆಲೆಸಿದ ಕನ್ನಡ ಕುಟುಂಬಗಳಿಗೆ ದಿನಸಿ ಅಂಗಡಿಯವನು ಬಂಧುವಿಗೆ ಸಮಾನನಾಗಿದ್ದನು. ಕುಚ್ಚಲಕ್ಕಿಯಲ್ಲಿ ಹುಳು ಕಂಡರೆ ಚೀಲವನ್ನು ಗಲ್ಲಾಪೆಟ್ಟಿಗೆಯ ಮುಂದಿಟ್ಟರೆ ಸಾಕಾಗಿತ್ತು. ಆತನು ಮಾತಿಲ್ಲದೆ ಬೇರೆ ಅಕ್ಕಿಯನ್ನು ಅಳೆದು ಕೊಡುತ್ತಿದ್ದನು, ಇಲ್ಲವೆ ಲೆಕ್ಕದ ಪುಸ್ತಕದಲ್ಲಿ ಆ ಸಾಲಿನ ಮೇಲೆ ಗೀಟೆಳೆಯುತ್ತಿದ್ದನು. ಇಂದು ಮಹಾನಗರದ ಅನೇಕ ಮನೆಗಳಿಗೆ ಅಕ್ಕಿ, ಬೇಳೆ, ಹಾಲು, ತರಕಾರಿಗಳೆಲ್ಲವೂ ಮೊಬೈಲ್ ಫೋನಿನ ಮೂಲಕವೇ ಬರುತ್ತಿವೆ. ಮಕ್ಕಳು ದೂರದ ಊರಿನಲ್ಲಿದ್ದುಕೊಂಡೇ ವೃದ್ಧ ತಂದೆತಾಯಿಗಳ ಮನೆಗೆ ಸಾಮಾನು ತರಿಸಿಕೊಡುವ ಅನುಕೂಲವೂ ಇದರಿಂದ ಒದಗಿದೆ. ಆದರೆ ಬಂದ ಪದಾರ್ಥ ಕೆಟ್ಟಿದ್ದಲ್ಲಿ ಚೀಲವನ್ನು ಯಾರ ಮುಂದಿಡಬೇಕೆಂಬುದು ಅನೇಕರಿಗೆ ತಿಳಿಯದು. ನಲವತ್ತು ರೂಪಾಯಿಯ ಮಾತಿಗೆ ಇಷ್ಟು ತಾಪತ್ರಯವೇಕೆಂದು ಸುಮ್ಮನಾಗುವವರೇ ಹೆಚ್ಚು. ನಷ್ಟವು ರೂಪಾಯಿಯಷ್ಟೇ ಆಗಿದ್ದರೆ ಈ ಉದಾಸೀನವನ್ನು ಮನ್ನಿಸಬಹುದಾಗಿತ್ತು.

ಹಾಲು, ಮೊಸರು, ಪನೀರು, ಮಾಂಸ, ಮೀನು ಇವು ತಂಪಿನಲ್ಲಿಯೇ ಇರಬೇಕಾದ ಪದಾರ್ಥಗಳು. ಸುಮಾರು 5 ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಣ ಉಷ್ಣತೆಯಲ್ಲಿ ರೋಗಾಣುಗಳು ಶೀಘ್ರವಾಗಿ ವೃದ್ಧಿಯಾಗುತ್ತವೆ. ಚೆನ್ನೈಯ ಮೇ ತಿಂಗಳ ಬಿಸಿಲಿನಲ್ಲಿ ಹಾಲಿನ ಪೊಟ್ಟಣವು ದ್ವಿಚಕ್ರ ವಾಹನದ ಚೀಲದಲ್ಲಿ ಕುಳಿತು, ಬಳಿಕ ಕಟ್ಟಡದ ಕಾವಲುಗಾರನ ಮೇಜಿನ ಮೇಲೆ ಮತ್ತೊಂದು ಗಂಟೆ ಕಳೆದರೆ ಅದರ ಗತಿಯೇನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಮೂಗಿನ ಪರೀಕ್ಷೆಯನ್ನೇ ನಂಬುವುದು ನಮ್ಮ ಅಡುಗೆಮನೆಗಳ ಹಳೆಯ ವಾಡಿಕೆ. ಆದರೆ ಕಾಯಿಲೆಯನ್ನು ತರುವ ರೋಗಾಣುಗಳೆಲ್ಲವೂ ವಾಸನೆಯನ್ನು ಕೆಡಿಸುವುದಿಲ್ಲ. 'ಇನ್ನೊಮ್ಮೆ ಕುದಿಸಿದರಾಯಿತು' ಎಂಬ ಸಮಾಧಾನವೂ ಪೂರ್ಣವಾಗಿ ಸರಿಯಲ್ಲ. ಸ್ಟ್ಯಾಫಿಲೊಕಾಕಸ್ ಜಾತಿಯ ಕೆಲವು ರೋಗಾಣುಗಳು ಆಹಾರದಲ್ಲಿ ಬಿಟ್ಟುಹೋಗುವ ವಿಷವು ಕುದಿಸಿದ ಮೇಲೂ ಉಳಿಯಬಲ್ಲದು. ಎಳೆಯ ಮಕ್ಕಳು, ಗರ್ಭಿಣಿಯರು, ವೃದ್ಧರು, ಮಧುಮೇಹಿಗಳು ಇಂತಹ ಆಹಾರದಿಂದ ಬೇಗನೆ ಬಾಧೆಗೊಳಗಾಗುತ್ತಾರೆ.

ಹಾಗೆಂದು ಬೆಚ್ಚಗಿರುವುದೆಲ್ಲವೂ ಕೆಟ್ಟದ್ದಲ್ಲ. ಅತ್ಯುಷ್ಣತೆಯಲ್ಲಿ ಸಂಸ್ಕರಿಸಿ ರಟ್ಟಿನ ಡಬ್ಬಿಯಲ್ಲಿ ತುಂಬಿದ ಹಾಲನ್ನು, ಡಬ್ಬಿ ತೆರೆಯುವವರೆಗೆ ಹೊರಗಡೆಯೇ ಇರಿಸಬಹುದು. ಅದು ತಣ್ಣಗಿಲ್ಲವೆಂದು ದೂರುವುದು ನ್ಯಾಯವಲ್ಲ. ದೋಸೆ ಹಿಟ್ಟಿನ ಪೊಟ್ಟಣ ತುಸು ಉಬ್ಬಿದ್ದರೆ ಅದು ಹುದುಗುವಿಕೆಯ ಸಹಜ ಧರ್ಮ. ಬಿಗಿಯಾಗಿ ಮುಚ್ಚಿದ ಪನೀರಿನ ಪೊಟ್ಟಣ ಉಬ್ಬಿದ್ದರೆ ಮಾತ್ರ ಅದನ್ನು ಒಲೆಯ ಬಳಿಗೂ ತರಲಾಗದು. ಒಡೆದ ಮೊಟ್ಟೆಯ ವಿಷಯವೂ ಹಾಗೆಯೇ.

ಕೆಡದಿದ್ದರೂ ಅಪಾಯಕರವಾದ ಇನ್ನೊಂದು ಬಗೆಯ ತಪ್ಪಿದೆ. ಇದರತ್ತ ಗಮನ ಹರಿಸುವವರು ಕಡಿಮೆ. ಕೇಳಿದ ಪದಾರ್ಥಕ್ಕೆ ಬದಲಾಗಿ ಅದರಂತೆಯೇ ಕಾಣುವ ಬೇರೊಂದು ಬರುವುದೇ ಆ ತಪ್ಪು. ಸೋನಾ ಮಸೂರಿಗೆ ಬದಲು ಬೇರೆ ಅಕ್ಕಿ ಬಂದರೆ ಸಾರು ಅನ್ನದ ರುಚಿ ಕೆಟ್ಟೀತು, ಅಷ್ಟೆ. ಸಾಧಾರಣ ಉಪ್ಪಿನ ಬದಲು 'ಕಡಿಮೆ ಸೋಡಿಯಂ' ಎಂದು ಬರೆದ ಉಪ್ಪು ಬಂದರೆ ಸಂಗತಿ ಬೇರೆ. ಅಂತಹ ಉಪ್ಪಿನಲ್ಲಿ ಸೋಡಿಯಮ್ಮಿನ ಒಂದು ಭಾಗಕ್ಕೆ ಬದಲಾಗಿ ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿರುವುದುಂಟು. ಮೂತ್ರಪಿಂಡದ ರೋಗವುಳ್ಳವರಲ್ಲಿ, ಹಾಗೂ ರಕ್ತದೊತ್ತಡದ ಕೆಲವು ಔಷಧಿಗಳನ್ನು ಸೇವಿಸುವವರಲ್ಲಿ, ಪೊಟ್ಯಾಸಿಯಂ ದೇಹದಲ್ಲಿಯೇ ಉಳಿದು ಹೃದಯದ ಬಡಿತವನ್ನು ಏರುಪೇರು ಮಾಡಬಲ್ಲದು. ಗೋಧಿಯ ಅಂಶವು ಒಗ್ಗದ ಸೀಲಿಯಾಕ್ ರೋಗಿಗಳ ಮನೆಗೆ ಒಂದು ಹೆಸರಿನ ಇಂಗಿನ ಬದಲು ಮತ್ತೊಂದು ಬಂದರೂ ತೊಂದರೆಯೇ, ಏಕೆಂದರೆ ಪೇಟೆಯಲ್ಲಿ ದೊರೆಯುವ ಕೂಟು ಇಂಗಿನಲ್ಲಿ ಅನೇಕ ವೇಳೆ ಮೈದಾ ಅಥವಾ ಗೋಧಿ ಹಿಟ್ಟು ಸೇರಿರುತ್ತದೆ. ಆದುದರಿಂದ ಇಂತಹ ರೋಗಿಗಳಿರುವ ಮನೆಯವರು 'ಇಲ್ಲದಿದ್ದರೆ ಬದಲಿ ಕಳುಹಿಸಬಹುದು' ಎಂಬ ಅನುಮತಿಯನ್ನು ಕೊಡದಿರುವುದು ಲೇಸು.

ಪೊಟ್ಟಣದ ಮೇಲಿನ ದಿನಾಂಕಗಳ ಅರ್ಥವನ್ನೂ ತಿಳಿದಿರಬೇಕು. 'ಬೆಸ್ಟ್ ಬಿಫೋರ್' ಎಂಬುದು ಗುಣಮಟ್ಟದ ಅವಧಿ. ಅಲ್ಲಿಯವರೆಗೆ ಪದಾರ್ಥದ ರುಚಿ, ಹದ, ಪರಿಮಳ ಕುಂದುವುದಿಲ್ಲವೆಂದು ತಯಾರಕನ ಮಾತು. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂಬುದು ಸುರಕ್ಷತೆಯ ಗಡಿ. ಅದನ್ನು ದಾಟಿದ ಪದಾರ್ಥ ತಿನ್ನಲು ಯೋಗ್ಯವಲ್ಲ. ಅವಧಿ ಮುಗಿಯಲು ನಾಲ್ಕೇ ದಿನಗಳಿರುವ ಹಿಟ್ಟನ್ನು ಗ್ರಾಹಕನ ಮನೆಗೆ ಸಾಗಿಸಿಬಿಡುವ ಚಾಳಿಯ ಬಗ್ಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಆನ್‌ಲೈನ್ ವ್ಯಾಪಾರಿಗಳಿಗೆ ಸೂಚನೆಯನ್ನಿತ್ತಿತು: ಗ್ರಾಹಕನ ಕೈಸೇರುವಾಗ ಪದಾರ್ಥದ ಬಾಳಿಕೆಯ ಅವಧಿಯಲ್ಲಿ ಕನಿಷ್ಠ ಶೇಕಡಾ 30ರಷ್ಟಾದರೂ, ಇಲ್ಲವೆ 45 ದಿನಗಳಾದರೂ ಉಳಿದಿರಬೇಕು. ದೂರು ಬರೆಯುವಾಗ ಈ ಸೂಚನೆಯನ್ನು ಉಲ್ಲೇಖಿಸಿದರೆ ಮಾತಿಗೆ ತೂಕ ಬರುತ್ತದೆ.

ಇನ್ನು ದೂರಿನ ಕ್ರಮ. ಸಾಮಾನು ಬಂದೊಡನೆ ಚೀಲವನ್ನು ಬಿಚ್ಚಿ ನೋಡಬೇಕು. ಸಾಯಂಕಾಲಕ್ಕೆಂದು ಮುಂದೂಡಿದರೆ ಅರ್ಧ ಬಲ ಹೋದಂತೆಯೇ. ಕೆಟ್ಟ ಪದಾರ್ಥದ ಚಿತ್ರ, ಪೊಟ್ಟಣದ ಮೇಲಿನ ದಿನಾಂಕ ಹಾಗೂ ಬ್ಯಾಚ್ ಸಂಖ್ಯೆಯ ಚಿತ್ರ, ಆಹಾರ ಪರವಾನಗಿಯ 14 ಅಂಕೆಗಳ ಸಂಖ್ಯೆಯ ಚಿತ್ರ ಇವನ್ನು ಮೊಬೈಲಿನಲ್ಲಿ ತೆಗೆದಿರಿಸಬೇಕು. ತೂಕ ಕಡಿಮೆಯೆನಿಸಿದರೆ ಅಡುಗೆಮನೆಯ ತಕ್ಕಡಿಯ ಮೇಲಿಟ್ಟೇ ಚಿತ್ರ ತೆಗೆಯುವುದು ಒಳ್ಳೆಯದು. ಬಿಲ್ಲನ್ನು ಅಳಿಸಬಾರದು. ಪದಾರ್ಥವನ್ನು ಸಿಟ್ಟಿನಿಂದ ಕಸದ ಬುಟ್ಟಿಗೆ ಎಸೆಯುವವರೇ ಬಹಳ; ಅದನ್ನು ಪೊಟ್ಟಣದೊಡನೆ ಇನ್ನೊಂದು ಚೀಲದಲ್ಲಿ ಕಟ್ಟಿ, 'ತಿನ್ನಬಾರದು' ಎಂದು ಬರೆದು, ಫ್ರಿಜ್ಜಿನ ಒಂದು ಮೂಲೆಯಲ್ಲಿಡುವುದು ಉಚಿತ. ಸಾಮಾನು ತಂದ ಹುಡುಗನ ಮೇಲೆ ರೇಗುವುದರಿಂದ ಪ್ರಯೋಜನವಿಲ್ಲ. ಮುಂಬಯಿಯ ಮಳೆಯಲ್ಲಿ ನೆನೆದುಕೊಂಡು ಬಂದ ಆತನು ಪೊಟ್ಟಣವನ್ನು ತುಂಬಿದವನೂ ಅಲ್ಲ, ಹಣವನ್ನು ಹಿಂದಿರುಗಿಸಬಲ್ಲವನೂ ಅಲ್ಲ.

ಮೊದಲ ದೂರು ಸಂಸ್ಥೆಗೇ ಸಲ್ಲತಕ್ಕದ್ದು. ಫೋನಿನ ಪರದೆಯ ಮೇಲೆ ಯಂತ್ರವೇ ಉತ್ತರಿಸುತ್ತಿದ್ದರೂ ನಾಲ್ಕು ಸಾಲುಗಳನ್ನು ಸ್ಪಷ್ಟವಾಗಿ ಬರೆಯಬೇಕು. ಮಾದರಿಗೆ: 'ಇಂತಹ ದಿನಾಂಕದ, ಇಂತಹ ಸಂಖ್ಯೆಯ ಆರ್ಡರಿನಲ್ಲಿ ಬಂದ 200 ಗ್ರಾಂ ಪನೀರಿನ ಪೊಟ್ಟಣವು ಉಬ್ಬಿದ್ದು ಹುಳಿ ವಾಸನೆ ಬರುತ್ತಿದೆ. ಬೆಳಿಗ್ಗೆ 9.40ಕ್ಕೆ ತಲುಪಿತು, 9.50ಕ್ಕೆ ಚಿತ್ರ ತೆಗೆಯಲಾಯಿತು. ಪದಾರ್ಥವನ್ನು ಬಳಸಿಲ್ಲ. ಪೂರ್ಣ ಹಣವನ್ನು ಪಾವತಿ ಮಾಡಿದ ಖಾತೆಗೇ ಹಿಂದಿರುಗಿಸಬೇಕು.' ಕೋಪದ ವಿಶೇಷಣಗಳು ಬೇಕಿಲ್ಲ. ಬೇಕಾದುದು ವೇಳೆ, ಸಂಖ್ಯೆ, ಸಂಗತಿ ಮತ್ತು ಕೋರಿಕೆ. ಸಂಸ್ಥೆಯು ಕೊಡುವ ದೂರಿನ ಸಂಖ್ಯೆಯನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಬೇಕು.

ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದಿವೆ. ಅವುಗಳಂತೆ ಆ ಅಧಿಕಾರಿಯ ಹೆಸರು ಮತ್ತು ವಿಳಾಸವನ್ನು ಸಂಸ್ಥೆಯು ಬಹಿರಂಗವಾಗಿ ಪ್ರಕಟಿಸತಕ್ಕದ್ದು. ದೂರು ಬಂದಿತೆಂಬುದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. 'ತರಕಾರಿ, ಹಾಲುಗಳನ್ನು ಹಿಂದಕ್ಕೆ ಪಡೆಯುವುದಿಲ್ಲ' ಎಂಬ ಷರತ್ತನ್ನು ತೋರಿಸಿ ಬಾಯಿ ಮುಚ್ಚಿಸುವುದುಂಟು. ಮನಸ್ಸು ಬದಲಾದವರಿಗೆ ಆ ಷರತ್ತು ಸಲ್ಲಬಹುದು. ಪದಾರ್ಥವೇ ದೋಷಯುಕ್ತವಾಗಿದ್ದರೆ, ಅಥವಾ ವರ್ಣಿಸಿದಂತೆ ಇಲ್ಲದಿದ್ದರೆ, ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರನು ನಿರಾಕರಿಸಕೂಡದೆಂದು ಅದೇ ನಿಯಮಗಳು ಹೇಳುತ್ತವೆ.

ಅಲ್ಲಿಯೂ ಕೆಲಸವಾಗದಿದ್ದಲ್ಲಿ 1915 ಎಂಬ ಸಂಖ್ಯೆಗೆ ಫೋನು ಮಾಡಬಹುದು. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಹೊರನಾಡಿನ ಹಿರಿಯರಿಗೆ ಇದರಲ್ಲೊಂದು ವಿಶೇಷ ಅನುಕೂಲವುಂಟು: ಸಹಾಯವಾಣಿಯು 17 ಭಾಷೆಗಳಲ್ಲಿ ಕೆಲಸ ಮಾಡುತ್ತಿದ್ದು, ಅವುಗಳಲ್ಲಿ ಕನ್ನಡವೂ ಸೇರಿದೆ. ದಿಲ್ಲಿಯಲ್ಲಿ ಕುಳಿತ ಅಜ್ಜಿಯು ಬಾರದ ಹಿಂದಿಯಲ್ಲಿ ತಡವರಿಸಬೇಕಾಗಿಲ್ಲ. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಸಂಸ್ಥೆಯೊಡನೆ ವ್ಯವಹರಿಸಿ ದಾರಿಗೆ ತರಲು ಯತ್ನಿಸುತ್ತದೆ. ಕೆಟ್ಟ ಆಹಾರ, ಕಲಬೆರಕೆ, ಅವಧಿ ಮೀರಿದ ಪದಾರ್ಥಗಳ ವಿಷಯವನ್ನು ಆಹಾರ ಪ್ರಾಧಿಕಾರದ 'ಫುಡ್ ಸೇಫ್ಟಿ ಕನೆಕ್ಟ್' ಎಂಬ ವ್ಯವಸ್ಥೆಯಲ್ಲಿಯೂ ದಾಖಲಿಸಬೇಕು. ಹಣ ಹಿಂದಿರುಗಿತೆಂದು ಇದನ್ನು ಕೈಬಿಡುವುದು ಸಲ್ಲದು, ಏಕೆಂದರೆ ಅದೇ ಬ್ಯಾಚಿನ ಪೊಟ್ಟಣಗಳು ನೆರೆಮನೆಗಳಿಗೂ ಹೋಗಿರುತ್ತವೆ. ನಮೂದಿಸಿದ್ದಕ್ಕಿಂತ ತೂಕ ಕಡಿಮೆಯಿದ್ದರೆ, ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆದಿದ್ದರೆ, ಅದು ರಾಜ್ಯದ ತೂಕ ಮತ್ತು ಅಳತೆ ಇಲಾಖೆಗೆ ಸೇರಿದ ವಿಷಯ.

ಆಹಾರವನ್ನು ತಿಂದು ವಾಂತಿ ಭೇದಿಗಳಾದರೆ ದೂರಿಗಿಂತ ಮೊದಲು ವೈದ್ಯರು. ನೀರು ಸಕ್ಕರೆ ಉಪ್ಪುಗಳ ಓ.ಆರ್.ಎಸ್. ದ್ರಾವಣವನ್ನು ಆಗಾಗ ಕುಡಿಸುತ್ತಿರಬೇಕು. ಮಲದಲ್ಲಿ ರಕ್ತ, ವಿಪರೀತ ಜ್ವರ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಯಾವ ಪದಾರ್ಥವನ್ನು ಎಷ್ಟು ಹೊತ್ತಿಗೆ ತಿಂದದ್ದೆಂಬುದನ್ನು ವೈದ್ಯರಿಗೆ ತಿಳಿಸಿ, ಚೀಟಿಯಲ್ಲಿ ಬರೆಯಿಸಿಕೊಳ್ಳಬೇಕು. ಆಸ್ಪತ್ರೆಯ ಬಿಲ್ಲುಗಳೂ ಈ ಚೀಟಿಯೂ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಪರಿಹಾರ ಕೇಳುವವರಿಗೆ ಮುಖ್ಯ ಆಧಾರಗಳು. ಪದಾರ್ಥಕ್ಕೆ ತೆತ್ತ ಬೆಲೆಯು 5 ಲಕ್ಷ ರೂಪಾಯಿಯವರೆಗೆ ಇದ್ದರೆ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು. ಸಂಸ್ಥೆಯ ಪ್ರಧಾನ ಕಚೇರಿ ಬೆಂಗಳೂರಿನಲ್ಲಿರಲಿ, ಗುರುಗ್ರಾಮದಲ್ಲಿರಲಿ, 2019ರ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಕೊಡಬಹುದು. ಅದಕ್ಕೆ ತೊಂದರೆ ಉಂಟಾದ ದಿನದಿಂದ 2 ವರ್ಷಗಳ ಕಾಲಾವಕಾಶವಿದೆ.