20 ಮಿಲಿಗ್ರಾಂ ಸಾಕಾಗುವುದಾದರೆ 240 ಯಾಕೆ?

ನಮ್ಮ ಸೋದರಮಾವನಿಗೆ ಬಾಯಿ ಕ್ಯಾನ್ಸರ್ ಮರುಕಳಿಸಿದಾಗ ಡಾಕ್ಟರು 'ಇಮ್ಯುನೊಥೆರಪಿ' ಅಂದರು. ಅದೇ ಉಸಿರಲ್ಲಿ, "ಆದ್ರೆ ನಿಮ್ಗೆ ಕಷ್ಟ ಆಗತ್ತೆ" ಅಂತಲೂ ಸೇರಿಸಿದರು. ಕಷ್ಟ ಅಂದರೆ ದುಡ್ಡು. ಲಾರಿ ಓಡಿಸಿಕೊಂಡು, ನಿದ್ದೆ ತಡೆಯಲು ಗುಟ್ಕಾ ಜಗಿದವನ ಮನೆಯಲ್ಲಿ ತಿಂಗಳಿಗೆ ಲಕ್ಷಗಟ್ಟಲೆ ಎಲ್ಲಿಂದ ಬರಬೇಕು? ಮಾತು ಅಲ್ಲಿಗೇ ನಿಂತಿತು. ಕೆಲವೇ ತಿಂಗಳಲ್ಲಿ ಮಾವ ತೀರಿಕೊಂಡ. ಆಮೇಲೆ ನಾನು ಈ ಔಷಧಿಯ ಬಗ್ಗೆ ಓದಲು ಕೂತೆ.

ಸಂಗತಿ ಇಷ್ಟು. ನಮ್ಮ ರಕ್ತದಲ್ಲಿರುವ ಟಿ-ಕೋಶಗಳು ಕೆಟ್ಟ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಅವು ಅತಿರೇಕಕ್ಕೆ ಹೋಗಿ ಸ್ವಂತ ದೇಹವನ್ನೇ ತಿನ್ನಬಾರದಲ್ಲ, ಅದಕ್ಕೆ ಅವುಗಳ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಇದೆ. ಹಲವು ಕ್ಯಾನ್ಸರ್‌ಗಳು ಈ ಬ್ರೇಕನ್ನೇ ಒತ್ತಿ ಹಿಡಿದು ಬಚಾವಾಗುತ್ತವೆ. ಪಿಡಿ-1 ಅನ್ನು 1992ರಲ್ಲಿ ಗುರುತಿಸಿದ್ದು ಜಪಾನಿನ ತಸುಕು ಹೊಂಜೊ ಅವರ ಪ್ರಯೋಗಾಲಯ. ಇಂಥದ್ದೇ ಇನ್ನೊಂದು ಬ್ರೇಕ್ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಜೊತೆ ಅವರಿಗೆ 2018ರ ನೊಬೆಲ್ ಬಂತು. ನಿವೊಲುಮ್ಯಾಬ್ ಎಂಬ ಔಷಧಿ ಪಿಡಿ-1 ಮೇಲೆ ಹೋಗಿ ಕೂತುಬಿಡುತ್ತದೆ, ಕ್ಯಾನ್ಸರ್ ಕೈಗೆ ಬ್ರೇಕ್ ಸಿಗುವುದಿಲ್ಲ. ಔಷಧಿ ಕ್ಯಾನ್ಸರನ್ನು ಮುಟ್ಟುವುದೂ ಇಲ್ಲ, ಕೊಲ್ಲುವ ಕೆಲಸ ಟಿ-ಕೋಶದ್ದು.

ನನ್ನ ತಲೆ ಕೆಡಿಸಿದ್ದು ಇದರ ಮುಂದಿನ ಲೆಕ್ಕ. ಕೀಮೋದಲ್ಲಿ ಸಾಮಾನ್ಯವಾಗಿ ದೇಹ ತಡೆದುಕೊಳ್ಳುವಷ್ಟೂ ಡೋಸ್ ಕೊಡುತ್ತಾರೆ. ಇಲ್ಲಿ ಇರುವ ಬ್ರೇಕ್‌ಗಳೆಲ್ಲ ಮುಚ್ಚಿದ ಮೇಲೆ ಹೆಚ್ಚುವರಿ ಔಷಧಿಗೆ ಕೆಲಸವೇನು? ಸೀಟೆಲ್ಲ ತುಂಬಿದ ಬಸ್ಸಿಗೆ ಇನ್ನಷ್ಟು ಟಿಕೆಟ್ ಹರಿದ ಹಾಗೆ. ಕಡಿಮೆ ಡೋಸಿನಲ್ಲೇ ಬಹುಪಾಲು ಪಿಡಿ-1 ತುಂಬಿಹೋಗುತ್ತದೆ ಎಂದು ಆರಂಭದ ಪ್ರಯೋಗಗಳಲ್ಲೇ ಕಂಡಿತ್ತು. ಆದರೂ ರೂಢಿಗೆ ಬಂದ ಡೋಸ್ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ.

ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಗುಣವಾಗುವ ಹಂತ ದಾಟಿದ್ದ, ತಲೆ-ಕುತ್ತಿಗೆ ಕ್ಯಾನ್ಸರಿನ 151 ಮಂದಿಯನ್ನು ಎರಡು ಗುಂಪು ಮಾಡಿದರು. ಅಗ್ಗದ ಮಾತ್ರೆಗಳನ್ನಷ್ಟೇ ತೆಗೆದುಕೊಂಡ ಗುಂಪಿನಲ್ಲಿ ವರ್ಷದ ಕೊನೆಗೆ ಬದುಕುಳಿದವರು ಶೇ. 16.3. ಅದೇ ಮಾತ್ರೆ ಜೊತೆ ಈ ಚೂರು ನಿವೊಲುಮ್ಯಾಬ್ ಪಡೆದವರಲ್ಲಿ ಶೇ. 43.4. ಫಲಿತಾಂಶ 'ಜರ್ನಲ್ ಆಫ್ ಕ್ಲಿನಿಕಲ್ ಆಂಕಾಲಜಿ'ಯಲ್ಲಿ ಬಂತು. ಆರು ವಾರದ ಲೆಕ್ಕ ಹಾಕಿ: 720 ಎಲ್ಲಿ, 40 ಎಲ್ಲಿ! ಹದಿನೆಂಟನೇ ಒಂದು ಪಾಲು.

ಹಾಗಂತ ಕುಣಿದಾಡಬೇಕಿಲ್ಲ. ಪೂರ್ಣ ಡೋಸಿನೆದುರು ಕಡಿಮೆ ಡೋಸನ್ನು ಇಲ್ಲಿ ಹೋಲಿಸಿಲ್ಲ. ಔಷಧಿ ಸಿಕ್ಕರೂ ಅರ್ಧಕ್ಕಿಂತ ಹೆಚ್ಚು ಜನ ವರ್ಷ ದಾಟಲಿಲ್ಲ. ಬ್ರೇಕ್ ತೆಗೆದಾಗ ಟಿ-ಕೋಶಗಳು ಥೈರಾಯ್ಡ್, ಶ್ವಾಸಕೋಶದ ಮೇಲೆ ತಿರುಗಿಬೀಳುವ ಅಪಾಯವೂ ಉಂಟು. ಮಾವ ಉಳಿಯುತ್ತಿದ್ದನಾ ಅಂತ ಅತ್ತೆ ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಇನ್ನು ರಾಜಕಾರಣ. ಔಷಧಿ ಪ್ರಯೋಗಗಳಿಗೆ ಹೆಚ್ಚಾಗಿ ದುಡ್ಡು ಸುರಿಯುವುದು ಕಂಪನಿಗಳು. ತನ್ನ ಮಾರಾಟ ಹದಿನೆಂಟನೇ ಒಂದು ಭಾಗಕ್ಕೆ ಇಳಿಯುವ ಪ್ರಯೋಗಕ್ಕೆ ಯಾವ ಕಂಪನಿ ಚೆಕ್ ಬರೆಯುತ್ತೆ? ಆ ಪ್ರಶ್ನೆ ಕೇಳಲು ನಮ್ಮ ತೆರಿಗೆಯಲ್ಲಿ ನಡೆಯುವ ಆಸ್ಪತ್ರೆಯೇ ಬೇಕಾಯಿತು. ಇಮ್ಯುನೊಥೆರಪಿ ದುಬಾರಿ, ಬಡವರಿಗಲ್ಲ ಅಂತ ಯಾರಾದರೂ ಹೇಳಿದರೆ ನಾನೀಗ 'ಯಾವ ಡೋಸಿನಲ್ಲಿ?' ಅಂತ ಕೇಳುತ್ತೇನೆ. ನಮ್ಮ ಆರೋಗ್ಯ ಸಚಿವರಿಗೂ ಕೇಳಬೇಕಾದ್ದು ಅದನ್ನೇ. ನಿವೊಲುಮ್ಯಾಬ್ 40 ಮಿಲಿಗ್ರಾಂ ಸೀಸೆಯಲ್ಲಿ ಬರುತ್ತದೆ. ಸ್ವಚ್ಛ ಕೊಠಡಿ, ಔಷಧಿ ಅಳೆಯಬಲ್ಲ ಫಾರ್ಮಸಿಸ್ಟ್ ಇರುವ ಸರ್ಕಾರಿ ಆಸ್ಪತ್ರೆ ಒಂದೇ ದಿನ ಇಬ್ಬರನ್ನು ಕರೆದರೆ, ಒಂದು ಸೀಸೆ ಇಬ್ಬರಿಗೂ ಆಗುತ್ತದೆ.